ಮನೆ ನಮ್ಮದು, ಸಾಲ ಆಕೆಯ ಹೆಸರಿನದು

2024ರ ದೀಪಾವಳಿಯ ಮರುದಿನ ಟೆಕ್ಸಾಸಿನಿಂದ ನನ್ನ ತಂಗಿಯ ಮಗಳು ಫೋನ್ ಮಾಡಿದಳು. ಕಜ್ಜಾಯದ ಪಾಕ, ಮಗುವಿಗೆ ಬಂದ ಹಲ್ಲು, ಇಲ್ಲಿಯ ಮಳೆ ಎಲ್ಲ ಮುಗಿದ ಮೇಲೆ ದನಿ ತಗ್ಗಿಸಿ, ‘ದೊಡ್ಡಮ್ಮ, ನೀವು ಕ್ಯಾಲಿಫೋರ್ನಿಯದಲ್ಲಿದ್ದಾಗ ಮಾರುವವರ ಸಾಲವನ್ನೇ ಮುಂದುವರಿಸಿಕೊಂಡು ಒಂದು ಬಾಡಿಗೆ ಮನೆ ಕೊಂಡಿದ್ದಿರಂತೆ, ಅಮ್ಮ ಹೇಳಿದಳು. ಅದು ಒಳ್ಳೆಯದಾ, ಕೆಟ್ಟದ್ದಾ?’ ಎಂದು ಕೇಳಿದಳು. ಅವಳ ಬೀದಿಯಲ್ಲಿ ಸೈನ್ಯದಿಂದ ನಿವೃತ್ತನಾದ ಒಬ್ಬಾತ ಮನೆ ಮಾರುತ್ತಿದ್ದನಂತೆ. ಅವನ ಸಾಲ 2021ರದು, ಬಡ್ಡಿ ಶೇಕಡಾ 3ಕ್ಕಿಂತ ಕಡಿಮೆ. ಹೊಸ ಸಾಲ ಕೇಳಿದರೆ ಬ್ಯಾಂಕಿನವರು 7ರ ಹತ್ತಿರ ಹೇಳುತ್ತಿದ್ದರು. ಅವನ ಸಾಲವನ್ನೇ ತಮ್ಮ ಹೆಗಲಿಗೆ ಹಾಕಿಕೊಂಡರೆ ಬಾಡಿಗೆಯ ಹಣದಲ್ಲೇ ಕಂತು ತೀರುತ್ತದೆ ಎಂಬುದು ಅವಳ ಲೆಕ್ಕ.

ಲೆಕ್ಕದಲ್ಲಿ ತಪ್ಪೇನೂ ಇರಲಿಲ್ಲ. 1981ರಲ್ಲಿ ನಾನೂ ಅದೇ ಲೆಕ್ಕ ಹಾಕಿದ್ದೆ. ಆದರೆ ಫೋನಿನಲ್ಲಿ ಹೌದು ಅಥವಾ ಇಲ್ಲ ಎಂದು ಹೇಳಿ ಮುಗಿಸುವಂಥ ವಿಷಯ ಅದಾಗಿರಲಿಲ್ಲ. ‘ಬರೆದು ಕಳಿಸುತ್ತೇನೆ’ ಎಂದೆ. ಆ ಪತ್ರವೇ ಬೆಳೆದು ಈ ಬರಹವಾಯಿತು.

ಅಡಮಾನವಿರುವ ಆಸ್ತಿಯನ್ನು ಸಾಲದ ಸಮೇತ ಕೊಳ್ಳುವುದು ನಮ್ಮವರಿಗೂ ಹೊಸತಲ್ಲ. ನನ್ನ ಸೋದರಮಾವ ಮಲೆನಾಡಿನ ಒಂದು ತಾಲ್ಲೂಕು ಕೇಂದ್ರದಲ್ಲಿ ಪತ್ರ ಬರೆಯುವವರಾಗಿದ್ದರು. ಅವರು ಬರೆಯುತ್ತಿದ್ದ ಕ್ರಯಪತ್ರಗಳಲ್ಲಿ ಬೆಲೆಯನ್ನು ಎರಡು ಭಾಗ ಮಾಡುವುದನ್ನು ಚಿಕ್ಕಂದಿನಲ್ಲಿ ಪಕ್ಕದಲ್ಲಿ ಕೂತು ಕೇಳಿದ್ದೇನೆ. ಒಂದು ಭಾಗ ನಗದಾಗಿ ಕೊಟ್ಟದ್ದು, ಇನ್ನೊಂದು ‘ಅಡಮಾನದ ಸಾಲ ತೀರಿಸುವ ಬಾಬ್ತು ಕೊಳ್ಳುವವರ ವಶದಲ್ಲಿ ಬಿಟ್ಟದ್ದು’. 1882ರ ಆಸ್ತಿ ವರ್ಗಾವಣೆ ಕಾಯ್ದೆಯೇ ಇದಕ್ಕೆ ಅವಕಾಶ ಮಾಡಿಕೊಟ್ಟಿದೆ. ಮಾರುವವನು ಆಸ್ತಿಯ ಮೇಲಿನ ಋಣಭಾರವನ್ನು ತಾನೇ ತೀರಿಸಬೇಕು, ಆದರೆ ಋಣಭಾರದ ಸಮೇತ ಮಾರಿದ್ದರೆ ಆ ಮಾತು ಬೇರೆ ಎನ್ನುತ್ತದೆ ಆ ಕಾಯ್ದೆ. ಮಾವ ಮಾತ್ರ ಅಂಥ ಪತ್ರ ಬರೆಯುವಾಗಲೆಲ್ಲ ಮಾರುವವರ ಕಡೆ ತಿರುಗಿ, ‘ನೋಡಿ, ಜಮೀನು ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಕೈ ಬದಲಾಯಿಸುತ್ತೆ. ಸಾಲ ಮಾತ್ರ ಕೊಟ್ಟವನ ಜಗಲಿಯಲ್ಲೇ ಕೈ ಬದಲಾಯಿಸಬೇಕು’ ಎನ್ನುತ್ತಿದ್ದರು. ಎಂಟು ಹತ್ತು ವರ್ಷದ ನನಗೆ ಅದರ ಅರ್ಥ ತಿಳಿದಿರಲಿಲ್ಲ. ತಿಳಿದದ್ದು ಭೂಮಿಯ ಇನ್ನೊಂದು ಮಗ್ಗುಲಿಗೆ ಹೋದ ಮೇಲೆ.

ಮದುವೆಯಾಗಿ 1971ರಲ್ಲಿ ನಾನು ಕ್ಯಾಲಿಫೋರ್ನಿಯಕ್ಕೆ ಹೋದೆ. ಯಜಮಾನರು ಎಂಜಿನಿಯರು. ಹತ್ತು ವರ್ಷ ಕಳೆಯುವ ಹೊತ್ತಿಗೆ ರಿವರ್‌ಸೈಡ್ ಊರಿನಲ್ಲಿ ಒಂದು ಸ್ವಂತ ಮನೆಯಿತ್ತು, ಕೈಯಲ್ಲಿ ಒಂದಿಷ್ಟು ಉಳಿತಾಯವಿತ್ತು. ಆಗ ಅಲ್ಲಿ ನಾಲ್ಕು ಜನ ಭಾರತೀಯರು ಸೇರಿದ ಕಡೆಯೆಲ್ಲ ಎರಡೇ ಮಾತು. ಒಂದು ಊರಿನದು, ಇನ್ನೊಂದು ಬಡ್ಡಿಯದು. 1970ರ ದಶಕದ ಮೊದಲಲ್ಲಿ ಶೇಕಡಾ ಏಳೂವರೆಯ ಆಸುಪಾಸಿನಲ್ಲಿದ್ದ ಮನೆ ಸಾಲದ ಬಡ್ಡಿ, ಹಣದುಬ್ಬರವನ್ನು ಹತ್ತಿಕ್ಕಲು 1979ರ ಅಕ್ಟೋಬರಿನಲ್ಲಿ ಕೇಂದ್ರ ಬ್ಯಾಂಕಿನ ಅಧ್ಯಕ್ಷ ಪಾಲ್ ವೋಲ್ಕರ್ ಹಗ್ಗ ಬಿಗಿದ ಮೇಲೆ ಏರುತ್ತಲೇ ಹೋಯಿತು. 1981ರ ಅಕ್ಟೋಬರಿನಲ್ಲಿ ಅದು 18.63ನ್ನು ಮುಟ್ಟಿತು. ಮನೆ ಮಾರಬೇಕಾದವರಿಗೆ ಕೊಳ್ಳುವವರಿಲ್ಲ, ಕೊಳ್ಳಬೇಕಾದವರಿಗೆ ಸಾಲ ಎಟುಕುವುದಿಲ್ಲ. ಬೀದಿ ಬೀದಿಯಲ್ಲೂ ಮಾರಾಟದ ಫಲಕಗಳು ಬಿಸಿಲಿಗೆ ಬಣ್ಣಗೆಟ್ಟು ನಿಂತಿದ್ದವು.

ಆಗ ಎಲ್ಲರ ಕಣ್ಣೂ ಬಿದ್ದದ್ದು ಹಳೆಯ ಸಾಲಗಳ ಮೇಲೆ. ಇದಕ್ಕೆ ಸ್ವಲ್ಪ ಹಿಂದಿನ ಕತೆ ಹೇಳಬೇಕು. 1930ರ ದಶಕಕ್ಕೆ ಮೊದಲು ಅಮೆರಿಕದಲ್ಲಿ ಮನೆ ಸಾಲವೆಂದರೆ ಕೆಲವೇ ವರ್ಷಗಳ ಅವಧಿಯದು. ಅವಧಿ ಮುಗಿದಾಗ ಅಸಲು ಒಟ್ಟಿಗೆ ಕಟ್ಟಬೇಕು, ಇಲ್ಲವೇ ಮತ್ತೆ ಬರೆಸಿಕೊಳ್ಳಬೇಕು. ಮಹಾ ಆರ್ಥಿಕ ಕುಸಿತದಲ್ಲಿ ಮತ್ತೆ ಬರೆದುಕೊಡುವವರೇ ಇಲ್ಲವಾಗಿ ಲಕ್ಷಾಂತರ ಜನ ಮನೆ ಕಳೆದುಕೊಂಡರು. 1934ರಲ್ಲಿ ಸರ್ಕಾರ ಮನೆ ಸಾಲಗಳಿಗೆ ವಿಮೆ ಕೊಡುವ ಎಫ್.ಎಚ್.ಎ. ಎಂಬ ಸಂಸ್ಥೆಯನ್ನು ಮಾಡಿತು. 1944ರ ಕಾಯ್ದೆ ಯುದ್ಧದಿಂದ ಮರಳುವ ಸೈನಿಕರ ಮನೆ ಸಾಲಕ್ಕೆ ಸರ್ಕಾರದ ಖಾತರಿ ಕೊಟ್ಟಿತು. ಅಲ್ಲಿಂದ ದೀರ್ಘಾವಧಿಯ, ಬಡ್ಡಿ ಬದಲಾಗದ, ತಿಂಗಳ ಕಂತಿನ ಸಾಲ ಮನೆಮಾತಾಯಿತು. ಈ ಎರಡೂ ಬಗೆಯ ಸಾಲಗಳನ್ನು ಮನೆ ಕೊಂಡವರು ಸಲೀಸಾಗಿ ಮುಂದುವರಿಸಬಹುದಿತ್ತು. ಬ್ಯಾಂಕುಗಳೂ ಉಳಿತಾಯ ಸಂಘಗಳೂ ತಾವಾಗಿ ಕೊಡುತ್ತಿದ್ದ ಇತರ ಸಾಲಗಳಲ್ಲಿ ಮಾತ್ರ ಸಾಮಾನ್ಯವಾಗಿ ಒಂದು ಷರತ್ತು ಇರುತ್ತಿತ್ತು. ಮನೆ ಮಾರಿದರೆ ಬಾಕಿ ಪೂರ್ತಿ ಒಡನೆಯೇ ಕಟ್ಟಬೇಕು ಎಂಬುದೇ ಅದು. ಇದಕ್ಕೆ ‘ಡ್ಯೂ ಆನ್ ಸೇಲ್’ ಷರತ್ತು ಎಂದು ಹೆಸರು.

ಈ ಷರತ್ತನ್ನು ನಮ್ಮ ರಿವರ್‌ಸೈಡ್ ಜಿಲ್ಲೆಯ ಒಬ್ಬ ಹೆಂಗಸು ಕೋರ್ಟಿಗೆ ಎಳೆದದ್ದು ಈಗಲೂ ನನಗೆ ಬೆರಗು. ವೆಲೆನ್‌ಕ್ಯಾಂಪ್ ಮೊಕದ್ದಮೆ ಎಂದೇ ಅದು ಹೆಸರಾಗಿದೆ. ಆಕೆ 1975ರಲ್ಲಿ ಒಂದು ಮನೆ ಕೊಂಡು, ಮಾರಿದವರು 1973ರಲ್ಲಿ ಬ್ಯಾಂಕ್ ಆಫ್ ಅಮೆರಿಕದಿಂದ ತೆಗೆದುಕೊಂಡಿದ್ದ 19,100 ಡಾಲರಿನ ಸಾಲದಲ್ಲಿ ಉಳಿದದ್ದನ್ನು ತಾನು ಕಟ್ಟಿಕೊಂಡು ಹೋಗುವುದಾಗಿ ಅವರಿಗೆ ಒಪ್ಪಿದಳು. ಆ ಸಾಲದ ಬಡ್ಡಿ ಶೇಕಡಾ 8. ಬ್ಯಾಂಕು, ಒಂಬತ್ತೂಕಾಲು ಕೊಡುವುದಾದರೆ ಮುಂದುವರಿಸು, ಇಲ್ಲವಾದರೆ ಪೂರ್ತಿ ಕಟ್ಟು ಎಂದಿತು. ಆಕೆ ಒಪ್ಪಲಿಲ್ಲ. ಒಂದೂಕಾಲು ಪರ್ಸೆಂಟಿಗಾಗಿ ಹೊರಟ ಜಗಳ ಕ್ಯಾಲಿಫೋರ್ನಿಯದ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 1978ರ ಆಗಸ್ಟಿನಲ್ಲಿ ತೀರ್ಪು ಆಕೆಯ ಕಡೆಗಾಯಿತು. ಮಾರಾಟವಾಯಿತೆಂಬ ಒಂದೇ ಕಾರಣಕ್ಕೆ ಸಾಲವನ್ನು ಹಿಂದಕ್ಕೆ ಕೇಳುವಂತಿಲ್ಲ, ತನ್ನ ಅಡಮಾನಕ್ಕೆ ನಿಜವಾಗಿ ಅಪಾಯವಿದೆ ಎಂದು ಬ್ಯಾಂಕು ತೋರಿಸಬೇಕು ಎಂದರು ನ್ಯಾಯಾಧೀಶರು. ಬಡ್ಡಿ ಏರಿ ಬ್ಯಾಂಕಿಗೆ ಲಾಭ ಕಡಿಮೆಯಾಗುತ್ತದೆ ಎಂಬುದು ಸಾಕಷ್ಟು ಕಾರಣವಲ್ಲ.

ಸಾಲ ಕೊಟ್ಟ ಸಂಸ್ಥೆಗಳೆಲ್ಲ ದುಷ್ಟರೇನೂ ಆಗಿರಲಿಲ್ಲ ಎನ್ನುವುದನ್ನೂ ಹೇಳಬೇಕು. ಉಳಿತಾಯ ಸಂಘಗಳು ಸಾಮಾನ್ಯ ಜನರ ಠೇವಣಿ ಪಡೆದು ಮೂವತ್ತು ವರ್ಷದ ಸಾಲ ಕೊಟ್ಟಿದ್ದವು. ಠೇವಣಿದಾರರಿಗೆ ಹೆಚ್ಚು ಬಡ್ಡಿ ಕೊಡಬೇಕಾದ ಕಾಲ ಬಂದಾಗ ಹಳೆಯ ಸಾಲಗಳಿಂದ ಬರುವುದು ಅದೇ ಏಳು, ಎಂಟು. ಅವುಗಳ ಪಾಲಿಗೆ ಪ್ರತಿ ಹಳೆಯ ಸಾಲವೂ ಸೋರುವ ಕೊಡವಾಗಿತ್ತು. ಮುಂದೆ, 1986ರಿಂದ 1995ರೊಳಗೆ, ಅಂಥ ಸಂಸ್ಥೆಗಳು 1,043 ಮುಳುಗಿದವು. ಅದಕ್ಕೆ ಕಾರಣಗಳು ಬೇರೆಯೂ ಇದ್ದವು, ಇದೂ ಒಂದು.

1981ರ ವಸಂತದಲ್ಲಿ ನಮಗೆ ಸಿಕ್ಕಿದ್ದು ಅಂಥದೇ ಒಂದು ಸಾಲವಿದ್ದ ಎರಡು ಕೋಣೆಯ ಮನೆ. ಅಂಗಳದಲ್ಲಿ ಒಂದು ನಿಂಬೆಗಿಡ. ಬೆಲೆ 57,000 ಡಾಲರ್. ಅದರ ಮೇಲೆ 1977ರ ಸಾಲ, ಬಡ್ಡಿ ಎಂಟೂಮುಕ್ಕಾಲು, ಬಾಕಿ 36,750, ತಿಂಗಳ ಕಂತು 299. ಇದೇ ಮೊತ್ತವನ್ನು ಆಗಿನ 17ರ ಬಡ್ಡಿಗೆ ಹೊಸದಾಗಿ ತಂದಿದ್ದರೆ ಕಂತು 524 ಆಗುತ್ತಿತ್ತು. ಬಾಡಿಗೆ ಬರುವುದು 425. ಅಂದರೆ ಹೊಸ ಸಾಲದಲ್ಲಿ ತಿಂಗಳಿಗೆ ನೂರು ಡಾಲರ್ ಕೈಯಿಂದ ಹೋಗುತ್ತದೆ, ಹಳೆಯ ಸಾಲದಲ್ಲಿ ತೆರಿಗೆ, ವಿಮೆ ಕಳೆದೂ ಒಂದಿಷ್ಟು ಉಳಿಯುತ್ತದೆ. ಅಡಿಗೆಮನೆಯ ಮೇಜಿನ ಮೇಲೆ ಕೂತು ಈ ಲೆಕ್ಕ ಹಾಕಿದವಳು ನಾನೇ. ಮನೆಯ ಚೆಕ್ ಪುಸ್ತಕ ನನ್ನ ಕೈಯಲ್ಲೇ ಇತ್ತು, ಅದರ ಬಗ್ಗೆ ಸ್ವಲ್ಪ ಜಂಬವೂ ಇತ್ತು.

ಮಾರುವವಳು ನನಗಿಂತ ಹತ್ತು ವರ್ಷ ದೊಡ್ಡವಳು. ಶಾಲೆಯ ಕಚೇರಿಯಲ್ಲಿ ಕೆಲಸ. ವಿಚ್ಛೇದನ ಆದಮೇಲೆ ಒಬ್ಬಳೇ ದುಡಿದು ಕೊಂಡ ಮನೆ ಅದು. ಆರೆಗಾನಿನಲ್ಲಿ ತಾಯಿಗೆ ಕಾಯಿಲೆ, ಅಲ್ಲಿಗೆ ಹೋಗಬೇಕಾಗಿತ್ತು. ಮನೆ ತೋರಿಸುತ್ತ ಆಕೆ ಒಂದು ಮಾತು ಹೇಳಿದಳು. ಮದುವೆಯಲ್ಲಿದ್ದಷ್ಟು ದಿನ ಅಂಗಡಿಯ ಖಾತೆಯ ಚೀಟಿ ಕೂಡ ಗಂಡನ ಹೆಸರಿನ ಹಿಂದೆ ‘ಮಿಸೆಸ್’ ಸೇರಿಸಿಕೊಂಡೇ ಬರುತ್ತಿತ್ತಂತೆ. ತನ್ನ ಹೆಸರಿನಲ್ಲಿ ತಾನು ಪಡೆದ ಮೊದಲ ಸಾಲ ಈ ಮನೆಯದು. ಸಾಲದ ವಿಷಯದಲ್ಲಿ ಹೆಣ್ಣು, ಗಂಡು, ಮದುವೆಯಾದವರು, ಆಗದವರು ಎಂದು ಭೇದ ಮಾಡಕೂಡದು ಎಂಬ ಕಾಯ್ದೆ ಅಮೆರಿಕದಲ್ಲಿ ಬಂದದ್ದೇ 1974ರ ಅಕ್ಟೋಬರಿನಲ್ಲಿ. ಅದಕ್ಕೆ ಮೊದಲು ಅಲ್ಲಿಯೂ ಹೆಂಗಸಿನ ಸಂಬಳವನ್ನು ಪೂರ್ತಿ ಲೆಕ್ಕಕ್ಕೆ ಹಿಡಿಯದೆ, ಗಂಡನದೋ ತಂದೆಯದೋ ಸಹಿ ಕೇಳುವುದು ಸಾಮಾನ್ಯವಾಗಿತ್ತು. ‘ನಾಲ್ಕು ವರ್ಷದಲ್ಲಿ ಒಂದು ಕಂತೂ ತಪ್ಪಿಸಿಲ್ಲ’ ಎಂದಳು ಆಕೆ. ನಾನು ತಲೆಯಾಡಿಸಿದೆ. ನನ್ನ ಗಮನ ನಿಂಬೆಗಿಡದ ಮೇಲಿತ್ತು.

ಪತ್ರ ಬರೆಸುವಾಗ ನಮ್ಮ ದಲ್ಲಾಳಿ ಒಂದು ಸಣ್ಣ ವಿಷಯ ವಿವರಿಸಿದ. ಸಾಲವಿರುವ ಮನೆಯನ್ನು ಎರಡು ರೀತಿ ಕೊಳ್ಳಬಹುದು. ‘ಅಸ್ಯೂಮ್’ ಮಾಡಿದರೆ ಸಾಲಕ್ಕೆ ನಾವೂ ಸ್ವತಃ ಹೊಣೆ. ‘ಸಬ್ಜೆಕ್ಟ್ ಟು’ ಎಂದು ಬರೆಸಿದರೆ ಮನೆ ಸಾಲಕ್ಕೆ ಒಳಪಟ್ಟಿರುತ್ತದೆ, ಆದರೆ ನಮ್ಮ ಮೈಮೇಲೆ ಹೊಣೆ ಇಲ್ಲ. ಕಂತು ಕಟ್ಟದಿದ್ದರೆ ಮನೆ ಹೋಗುತ್ತದೆ, ಅಷ್ಟೇ. ‘ಎರಡನೆಯದೇ ನಿಮಗೆ ಕ್ಷೇಮ’ ಎಂದ. ನಾವು ಎರಡನೆಯದನ್ನೇ ಬರೆಸಿದೆವು. ಎರಡು ರೀತಿಯಲ್ಲೂ ಒಂದು ಸಂಗತಿ ಸಮಾನ ಎಂದು ಅವನು ಹೇಳಲಿಲ್ಲ, ನಾವು ಕೇಳಲೂ ಇಲ್ಲ. ಸಾಲ ಕೊಟ್ಟವರು ಬಿಡುಗಡೆ ಬರೆದುಕೊಡುವವರೆಗೆ ಮಾರಿದವರ ಹೆಸರು ಸಾಲದಿಂದ ಅಳಿಯುವುದಿಲ್ಲ. ಮಾವನ ಜಗಲಿಯ ಮಾತು ನನಗೆ ಆ ಹೊತ್ತು ನೆನಪಾಗಲಿಲ್ಲ.

ಒಂದೂವರೆ ವರ್ಷ ಎಲ್ಲ ಚೆನ್ನಾಗಿ ನಡೆಯಿತು. 1982ರ ಕೊನೆಯಲ್ಲಿ ಆ ದೇಶದಲ್ಲಿ ನಿರುದ್ಯೋಗ ಶೇಕಡಾ 10.8ಕ್ಕೆ ಏರಿತ್ತು. ನಮ್ಮ ಬಾಡಿಗೆಯವರ ಕೆಲಸವೂ ಹೋಯಿತು. ಎರಡು ತಿಂಗಳ ಬಾಡಿಗೆ ಬಾಕಿ ಇಟ್ಟು, ಬೀಗದ ಕೈಯನ್ನು ಕಿಟಕಿಯ ಮೇಲಿಟ್ಟು ಹೋದರು. ಯಜಮಾನರಿಗೆ ಆಫೀಸಿನಲ್ಲಿ ಸಂಬಳ ಕಡಿತ. ಆಗ ನಾನು ಮಾಡಿದ್ದನ್ನು ಮುಚ್ಚಿಡದೆ ಹೇಳುತ್ತೇನೆ. ನಮ್ಮ ಬಳಿ ಹಣ ಇರಲಿಲ್ಲ ಎಂದಲ್ಲ. ಫೆಬ್ರವರಿಯಲ್ಲಿ ನನ್ನ ತಮ್ಮನ ಮದುವೆ. ಊರಿಗೆ ಹೋಗುವ ಟಿಕೆಟ್ಟಿಗೆಂದು ಕೂಡಿಟ್ಟದ್ದು ಇತ್ತು. ಅದನ್ನು ಮುಟ್ಟಲು ಮನಸ್ಸಾಗಲಿಲ್ಲ. ಹೊಸ ಬಾಡಿಗೆಯವರು ಬಂದ ಮೇಲೆ ಕಟ್ಟಿದರಾಯಿತು, ಹೇಗೂ ನಮ್ಮ ಮೈಮೇಲೆ ಹೊಣೆ ಇಲ್ಲವಲ್ಲ ಎಂದು ನವೆಂಬರಿನ ಕಂತು ಬಿಟ್ಟೆ. ಡಿಸೆಂಬರಿನದೂ ಬಿಟ್ಟೆ.

ಜನವರಿಯ ಎರಡನೆಯ ವಾರ ಆರೆಗಾನಿನಿಂದ ಫೋನ್ ಬಂತು. ಆಕೆಯೇ. ನೋಟಿಸು ಹೋದದ್ದು ಆಕೆಗೆ. ತಾಯಿ ತೀರಿಕೊಂಡ ಮೇಲೆ ಆಕೆ ಅಲ್ಲೇ ಕೆಲಸ ಹಿಡಿದು, ಒಂದು ಪುಟ್ಟ ಮನೆಗಾಗಿ ಸಾಲಕ್ಕೆ ಅರ್ಜಿ ಹಾಕಿದ್ದಳು. ವಿಚಾರಿಸಿದ ಸಂಸ್ಥೆಯವರಿಗೆ ಆಕೆಯ ಹೆಸರಿನ ಹಳೆಯ ಸಾಲದಲ್ಲಿ ಎರಡು ಕಂತು ತಪ್ಪಿರುವುದು ಗೊತ್ತಾಗಿ ಅರ್ಜಿ ವಾಪಸು ಬಂದಿತ್ತು. ಆಕೆ ಕೂಗಾಡಲಿಲ್ಲ. ‘ಮನೆ ನಿಮ್ಮದು. ಹೆಸರು ಮಾತ್ರ ನನ್ನದು’ ಎಂದಳು. ನನಗೆ ಏನು ಹೇಳಬೇಕೆಂದೇ ತೋಚಲಿಲ್ಲ.

ಅಂದು ಮಧ್ಯಾಹ್ನವೇ ಟಿಕೆಟ್ಟಿನ ಹಣದಿಂದ ಮೂರು ಕಂತು, ದಂಡ ಎಲ್ಲ ಕಟ್ಟಿ ಬಂದೆ. ತಮ್ಮನ ಮದುವೆಗೆ ಹೋಗಲಾಗಲಿಲ್ಲ. ಆದರೆ ಅದರಿಂದ ಆಕೆಗೆ ಏನೂ ಬರಲಿಲ್ಲ. ಆರೆಗಾನಿನ ಆ ಮನೆ ಅಷ್ಟರೊಳಗೆ ಬೇರೆಯವರ ಪಾಲಾಗಿತ್ತು. ಮುಂದೆ ಒಬ್ಬ ವಕೀಲರನ್ನು ಕೇಳಿದಾಗ ತಿಳಿಯಿತು. ಕ್ಯಾಲಿಫೋರ್ನಿಯದ ಕಾನೂನು ಅಂಥ ಮನೆ ಸಾಲದಲ್ಲಿ, ಹರಾಜಿನಲ್ಲಿ ಹುಟ್ಟದೆ ಉಳಿದ ಬಾಕಿಗಾಗಿ ಸಾಲಗಾರರ ಬೆನ್ನು ಹತ್ತುವುದನ್ನು ತಡೆಯುತ್ತದೆ. ಬೇರೆ ಎಷ್ಟೋ ರಾಜ್ಯಗಳಲ್ಲಿ ಆ ರಕ್ಷಣೆಯೂ ಇಲ್ಲ. ಅಂದರೆ ಆಕೆಯ ಗಂಟಿಗೆ ಕಾನೂನಿನ ಕಾವಲಿತ್ತು. ಹೆಸರಿಗೆ ಇರಲಿಲ್ಲ. ಅದಕ್ಕೆ ನಾನೇ ಕಾವಲಾಗಿರಬೇಕಿತ್ತು.

ಅದೇ ಹೊತ್ತಿಗೆ ಕಾನೂನೂ ಮಗ್ಗುಲು ಬದಲಿಸಿತ್ತು. 1982ರ ಜೂನಿನಲ್ಲಿ ಅಮೆರಿಕದ ಸುಪ್ರೀಂ ಕೋರ್ಟು, ಕೇಂದ್ರದ ಪರವಾನಗಿ ಇರುವ ಉಳಿತಾಯ ಸಂಘಗಳು ‘ಡ್ಯೂ ಆನ್ ಸೇಲ್’ ಷರತ್ತನ್ನು ಜಾರಿ ಮಾಡುವುದನ್ನು ರಾಜ್ಯಗಳು ತಡೆಯುವಂತಿಲ್ಲ ಎಂದಿತು. ಅಕ್ಟೋಬರ್ 15ರಂದು ಅಧ್ಯಕ್ಷ ರೀಗನ್ ಗಾರ್ನ್–ಸೇಂಟ್ ಜರ್ಮೇನ್ ಕಾಯ್ದೆಗೆ ಸಹಿ ಹಾಕಿದರು. ಅದರಿಂದ ಎಲ್ಲ ಬಗೆಯ ಸಾಲದಾತರಿಗೂ ಆ ಹಕ್ಕು ದೊರೆಯಿತು. ನಮ್ಮಂತೆ ನಡುವಿನ ಅವಧಿಯಲ್ಲಿ ಕೊಂಡವರನ್ನು ಕಾಯ್ದೆ ಮುಟ್ಟಲಿಲ್ಲ. ಆದರೆ ವೆಲೆನ್‌ಕ್ಯಾಂಪ್ ತೆರೆದ ಬಾಗಿಲು ಹೊಸಬರಿಗೆ ಮುಚ್ಚಿತು.

ಆ ಕಾಯ್ದೆಯಲ್ಲಿ ಹೆಂಗಸರು ತಿಳಿದುಕೊಳ್ಳಲೇಬೇಕಾದ ಒಂದು ಪಟ್ಟಿಯಿದೆ. ಅಮೆರಿಕದಲ್ಲಿ ಮಗಳೋ ತಂಗಿಯೋ ಇರುವವರು ಇದನ್ನು ಅವರಿಗೆ ಹೇಳಿಡುವುದು ಒಳ್ಳೆಯದು. ವಾಸದ ಮನೆಯ ಒಡೆತನ ಹೆಂಡತಿಗೋ ಮಕ್ಕಳಿಗೋ ಬಂದರೆ, ಸಾಲಗಾರ ತೀರಿಕೊಂಡು ಮನೆ ಅವನ ಸಂಬಂಧಿಗೆ ಬಂದರೆ, ವಿಚ್ಛೇದನದ ತೀರ್ಪಿನಂತೆ ಮನೆ ಹೆಂಡತಿಯ ಪಾಲಾದರೆ, ಅದನ್ನೇ ನೆಪ ಮಾಡಿಕೊಂಡು ಪೂರ್ತಿ ಸಾಲ ಹಿಂದಕ್ಕೆ ಕೇಳುವಂತಿಲ್ಲ. ಹಳೆಯ ಬಡ್ಡಿಯಲ್ಲೇ ಕಂತು ಕಟ್ಟಿಕೊಂಡು ಹೋಗಬಹುದು. ಗಂಡ ಸತ್ತ ವಾರದಲ್ಲೇ ಹೆದರಿ ಮನೆ ಮಾರಬೇಕಾಗಿಲ್ಲ.

ನಮ್ಮ ಪುಟ್ಟ ಮನೆಯನ್ನು ನಾವು 1986ರಲ್ಲಿ ಮಾರಿದೆವು. ಬಡ್ಡಿ ಹತ್ತರ ಹತ್ತಿರಕ್ಕೆ ಇಳಿದಿತ್ತು. ಕೊಂಡವರು ತಮ್ಮದೇ ಸಾಲ ತಂದು ಹಳೆಯದನ್ನು ತೀರಿಸಿದರು. ಸಾಲ ಪೂರ್ತಿ ಸಂದಿದೆ ಎಂಬ ಕಾಗದದ ಪ್ರತಿಯೊಂದನ್ನು ಲಕೋಟೆಯಲ್ಲಿಟ್ಟು ಆರೆಗಾನಿನ ವಿಳಾಸಕ್ಕೆ ಕಳಿಸಿದೆ, ಜೊತೆಗೆ ಕ್ಷಮೆ ಕೇಳುವ ನಾಲ್ಕು ಸಾಲು. ಉತ್ತರ ಬರಲಿಲ್ಲ. ಬರಬೇಕೆಂದು ನಿರೀಕ್ಷಿಸುವ ಹಕ್ಕೂ ನನಗಿರಲಿಲ್ಲ. ಮಾರಾಟದಲ್ಲಿ ನಮಗೆ ಲಾಭವಾಗಿತ್ತು. ಆ ಲಾಭದಲ್ಲಿ ಆಕೆಯ ಹೆಸರಿನ ಬಾಡಿಗೆಯೂ ಸೇರಿತ್ತು, ಅದನ್ನು ನಾವು ಕೊಟ್ಟಿರಲಿಲ್ಲ ಎಂದು ಈಗಲೂ ಅನ್ನಿಸುತ್ತದೆ.

ಇಂಥ ಕತೆಗಳು ಸಾವಿರಾರು ನಡೆದಿರಬೇಕು. ಸರ್ಕಾರದ ವಿಮೆ, ಖಾತರಿ ಇರುವ ಸಾಲಗಳ ನಿಯಮವೂ ಒಂದೊಂದಾಗಿ ಬಿಗಿಯಾಯಿತು. ಎಫ್.ಎಚ್.ಎ. ಸಾಲಗಳಲ್ಲಿ 1986ರ ಡಿಸೆಂಬರಿನಿಂದ, ಸೈನಿಕರ ಸಾಲಗಳಲ್ಲಿ 1988ರ ಮಾರ್ಚಿನಿಂದ, ಸಾಲ ವಹಿಸಿಕೊಳ್ಳುವವರನ್ನು ಪರೀಕ್ಷಿಸುವ ಕ್ರಮ ಬಂತು. 1989ರ ಡಿಸೆಂಬರಿನ ಕಾಯ್ದೆಯ ನಂತರದ ಎಫ್.ಎಚ್.ಎ. ಸಾಲಗಳನ್ನು ಬಾಡಿಗೆಗೆ ಕೊಡಲೆಂದು ಕೊಳ್ಳುವವರು ವಹಿಸಿಕೊಳ್ಳುವಂತೆಯೇ ಇಲ್ಲ, ವಾಸಕ್ಕೆ ಬರುವವರಿಗೆ ಮಾತ್ರ. ಸೈನಿಕರ ಸಾಲಕ್ಕೆ ಆ ನಿರ್ಬಂಧವಿಲ್ಲ, ಒಪ್ಪಿಗೆ ಸಿಕ್ಕರೆ ಸೈನಿಕರಲ್ಲದವರೂ ವಹಿಸಿಕೊಳ್ಳಬಹುದು. ನನ್ನ ತಂಗಿಯ ಮಗಳ ಕಣ್ಣಿಗೆ ಬಿದ್ದದ್ದು ಈ ಬಾಗಿಲು. 2021ರ ಜನವರಿಯಲ್ಲಿ 2.65ಕ್ಕೆ ಇಳಿದಿದ್ದ ಬಡ್ಡಿ 2023ರ ಅಕ್ಟೋಬರಿನಲ್ಲಿ 7.79ಕ್ಕೆ ಏರಿದಾಗ, ನಲವತ್ತು ವರ್ಷದ ಹಿಂದಿನಂತೆಯೇ ಜನ ಮತ್ತೆ ಹಳೆಯ ಸಾಲಗಳನ್ನು ಹುಡುಕತೊಡಗಿದ್ದರು.

ಅವಳಿಗೆ ನಾನು ಬರೆದದ್ದು ಇಷ್ಟು. ಕೊಳ್ಳಬೇಡ ಎನ್ನುವುದಿಲ್ಲ. ಆದರೆ ಸಾಲ ಕೊಟ್ಟವರ ಒಪ್ಪಿಗೆಯಿಲ್ಲದೆ, ಅವರಿಗೆ ತಿಳಿಸದೆ ಕೊಳ್ಳಬೇಡ. ಮಾರುವವನಿಗೆ ಸಾಲದಿಂದ ಬಿಡುಗಡೆ ಎಂಬ ಕಾಗದ ಕೈಗೆ ಬಂದ ಮೇಲೆ ನೀನು ಬೀಗದ ಕೈ ತೆಗೆದುಕೋ. ಮೂರು ತಿಂಗಳ ಕಂತಾದರೂ ಮುಟ್ಟದೆ ಬೇರೆ ಇಡು. ಮತ್ತೆ ಆ ಸೈನಿಕನಿಗೆ ಒಂದು ಮಾತು ಕೇಳು. ಸರ್ಕಾರ ಅವನಿಗೆ ಕೊಟ್ಟ ಖಾತರಿಯ ಪಾಲು ನೀನು ಸಾಲ ತೀರಿಸುವವರೆಗೆ ಈ ಮನೆಗೇ ಕಟ್ಟುಬಿದ್ದಿರುತ್ತದೆ, ಕೊಳ್ಳುವವನೂ ಸೈನಿಕನಾಗಿದ್ದು ತನ್ನ ಪಾಲನ್ನು ಅದರ ಜಾಗಕ್ಕೆ ಇಟ್ಟರೆ ಮಾತ್ರ ಬಿಡುತ್ತದೆ. ಅದು ಅವನಿಗೆ ಗೊತ್ತಿದೆಯೇ?

ಹದಿನೈದು ದಿನ ಕಳೆದು ಅವಳ ಫೋನ್ ಬಂತು. ಕೇಳಿದಳಂತೆ. ಅವನಿಗೆ ಗೊತ್ತಿರಲಿಲ್ಲ. ಮಗಳ ಊರಿನಲ್ಲಿ ಅದೇ ಖಾತರಿಯ ಮೇಲೆ ಮನೆ ಕೊಳ್ಳುವ ಯೋಚನೆ ಅವನಿಗಿತ್ತು. ಕೊನೆಗೆ ಇನ್ನೊಬ್ಬ ಮಾಜಿ ಸೈನಿಕನಿಗೇ ಮಾರಿದ. ‘ಒಳ್ಳೆ ಮನೆ ಕೈತಪ್ಪಿತು ದೊಡ್ಡಮ್ಮ’ ಎಂದಳು. ದನಿಯಲ್ಲಿ ಸಣ್ಣ ಮುನಿಸಿತ್ತು. ‘ಇನ್ನೊಂದು ಸಿಗುತ್ತೆ ಬಿಡು’ ಎಂದು ಹೇಳಿ, ಮಗುವಿಗೆ ಎಷ್ಟನೆಯ ಹಲ್ಲು ಬಂತು ಎಂದು ಕೇಳಿದೆ.